ಶರೀಫರ ಪದಗಳು: ಮತ್ತೊಮ್ಮೆ ಆಲಿಸಿದಾಗ

ಟಿ.ಎಸ್. ನಾಗಾಭರಣರು ನಿರ್ದೇಶಿಸಿದ 'ಸಂತ ಶಿಶುನಾಳ ಶರೀಫ' ಚಿತ್ರ ತೆರೆಕಂಡದ್ದು 1990ರಲ್ಲಿ. ಸಿ. ಅಶ್ವತ್ಥರು ರಾಗ ಹಾಕಿ ಹಾಡಿದ ಅದರ ಪದಗಳ ಧ್ವನಿಸುರುಳಿ ನಮ್ಮ ಸೀಮೆಯಲ್ಲಿ ಮನೆಮಾತಾಯಿತು. ಶರೀಫರು (1819–1889) ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದವರೇ ಅಲ್ಲವೇ! ಹಾನಗಲ್ಲು, ಸವಣೂರು, ಹಿರೇಕೆರೂರುಗಳ ಕಡೆ ಮದುವೆಯ ದಿಬ್ಬಣ ಹೊತ್ತ ಟ್ರ್ಯಾಕ್ಟರುಗಳಲ್ಲಿಯೂ ಅದೇ ಸುರುಳಿ. ಹರೆಯದ ನಮಗೆ ಅದು ಭಕ್ತಿಗೀತೆಯಾಗಿರಲಿಲ್ಲ. ಕುಣಿತಕ್ಕೆ, ಸೀಟಿಗೆ, ಹಿರಿಯರ ಗದರಿಕೆಗೆ ಎದುರಾಗಿ ಏರಿಸುವ ದನಿಯಾಗಿತ್ತು. ಆ ಕಾಲದ ಅಮೆರಿಕದ ತರುಣರು ಗ್ಲಾಮ್ ಮೆಟಲ್ ಎಂಬ ಅಬ್ಬರದ ಸಂಗೀತದಲ್ಲಿ ಕಂಡುಕೊಂಡದ್ದನ್ನು ನಾವು ಒಬ್ಬ ಅನುಭಾವಿಯ ಪದಗಳಲ್ಲಿ ಕಂಡುಕೊಂಡೆವು.

ಈಗ ಕುಳಿತು ಕೇಳಿದರೆ, ಕೋಳಿಯು ಕೋಡಗವನ್ನು ನುಂಗುವ ಪದವೇ ಹೆಚ್ಚು ಬೆರಗು ಹುಟ್ಟಿಸುತ್ತದೆ. ಒಂದು ಇನ್ನೊಂದನ್ನು ನುಂಗುತ್ತ ಹೋಗುವ ಆ ಒಗಟಿಗೆ ನಾವು ಕುಣಿದದ್ದು ಸಹಜವೇ. ನಗಿಸದಿದ್ದರೆ ಅದು ಶರೀಫರ ಪದವಾಗುತ್ತಿರಲಿಲ್ಲ. ಆದರೆ ಕೊನೆಯಲ್ಲಿ ಗುರು ಗೋವಿಂದಭಟ್ಟರ ಪಾದವು ಹಾಡುಗಾರನನ್ನೇ ನುಂಗಿಬಿಡುತ್ತದೆ. ಸೀಟಿಯ ಗದ್ದಲದಲ್ಲಿ ಆ ಸಾಲು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಇನ್ನು ಬದುಕುವವನು ನಾನಲ್ಲ, ಕ್ರಿಸ್ತನೇ ನನ್ನಲ್ಲಿ ಬದುಕುತ್ತಾನೆಂದು ಸಂತ ಪೌಲರು ಗಲಾತ್ಯರಿಗೆ ಬರೆದದ್ದನ್ನು ಬಲ್ಲ ನಮಗೆ ಈ ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರುಗಳ ನಡುವಿನ ಮಾತು ತೀರ ಪರಕೀಯವೆನಿಸಲಾರದು. ಅಶ್ವತ್ಥರ ಎದೆತುಂಬಿದ ಏರುಕಂಠ ಇಲ್ಲಿ ಸಾರ್ಥಕವಾಗಿದೆ: ನಗೆಯನ್ನು ಬಿಟ್ಟುಕೊಡದೆಯೇ ಅದು ನಮ್ಮನ್ನು ಆ ಪಾದದವರೆಗೆ ಒಯ್ಯುತ್ತದೆ.

ಸೋರುವ ಮಾಳಿಗೆಯ ಪದಕ್ಕೆ ಬಂದಾಗ ಮಾತ್ರ ನನ್ನ ತಕರಾರಿದೆ. ಮಣ್ಣಿನ ಮೇಲ್ಮುದ್ದೆಯ ಮನೆಯಲ್ಲಿ ಆಷಾಢದ ಮಳೆ ಕಂಡವರಿಗೆ ಆ ಚಿತ್ರವನ್ನು ಬಿಡಿಸಿ ಹೇಳಬೇಕಿಲ್ಲ. ಸೋರುವುದು ದೇಹವೆಂಬ ಮನೆ. ಕತ್ತಲಲ್ಲಿ ಮೇಲೇರಿ ಅದನ್ನು ದುರಸ್ತಿಮಾಡುವ ತ್ರಾಣ ಒಡೆಯನಿಗಿಲ್ಲ. ಅಂದು ಟ್ರ್ಯಾಕ್ಟರಿನ ಮೇಲೆ ನನ್ನ ಪಕ್ಕದಲ್ಲಿ ಕುಣಿದ ಗೆಳೆಯನನ್ನು ಮಣ್ಣುಮಾಡಿ ಬಂದ ರಾತ್ರಿ ಇದನ್ನು ಹಾಕಿಕೊಂಡೆ. ವಾದ್ಯಗಳ ತುಂಬುನಾದವು ಸಾಲುಸಾಲಿನ ನಡುವೆ ಇರಬೇಕಾದ ಮೌನವನ್ನು ತುಂಬಿಬಿಟ್ಟಿತ್ತು. ದುಃಖಿಸಲು ಜಾಗವೇ ಉಳಿದಿರಲಿಲ್ಲ. ಏಕತಾರಿ, ದಮ್ಮಡಿ, ತಾಳಗಳಷ್ಟರ ಆಸರೆಯಲ್ಲಿ ತತ್ತ್ವಪದ ಹಾಡುವ ಭಜನಾ ಮೇಳಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಇವೆ. ಈ ಒಂದು ಪದವನ್ನು ಅವರ ಬಾಯಿಂದ ಕೇಳುವುದೇ ಲೇಸು.