ಎರಡನೆಯ ಅಕ್ಷರದ ಋಣ: ಕೇಶಿರಾಜನ ಪದಪಟ್ಟಿಯನ್ನು ಕುರಿತು

ಕ್ರಿ.ಶ. ಸುಮಾರು 850ರ ಕವಿರಾಜಮಾರ್ಗವು ಕನ್ನಡದ ತಿರುಳಿರುವ ನಾಡೆಂದು ಗುರುತಿಸುವ ನಾಲ್ಕು ಸ್ಥಳಗಳಲ್ಲಿ ಒಕ್ಕುಂದವೂ ಒಂದು. ಅದು ಇಂದಿನ ಬೈಲಹೊಂಗಲ ತಾಲ್ಲೂಕಿನ ಊರೆಂದು ವಿದ್ವಾಂಸರು ಗುರುತಿಸಿದ್ದಾರೆ. ಬೈಲಹೊಂಗಲ, ಸವದತ್ತಿ, ಕಿತ್ತೂರು, ರಾಮದುರ್ಗಗಳ ಜನರಿಗೆ ಇದು ಸಹಜವಾಗಿಯೇ ಅಭಿಮಾನದ ಸಂಗತಿ. ಆದರೆ ಅದೇ ಪದ್ಯದಲ್ಲಿ ಒಕ್ಕುಂದದ ಜೊತೆಗೆ ಬರುವ ಇನ್ನೊಂದು ಹೆಸರು, ಕಿಸುವೊೞಲ್, ಅಂದರೆ ಪಟ್ಟದಕಲ್ಲು, ತನ್ನೊಡಲಲ್ಲಿ ಇಟ್ಟುಕೊಂಡಿರುವ ಅಕ್ಷರವನ್ನು ಈ ಸೀಮೆಯ ನಾಲಗೆ ಶತಮಾನಗಳ ಹಿಂದೆಯೇ ಕಳೆದುಕೊಂಡಿತು. ಪೊೞಲ್ ಎಂದರೆ ಪಟ್ಟಣ. ಅದರ ನಡುವಣ ೞಕಾರವನ್ನು ಕಿತ್ತೂರಿನಿಂದ ರಾಮದುರ್ಗದವರೆಗೆ ಇಂದು ಉಚ್ಚರಿಸುವವರಿಲ್ಲ. ಮೞೆ ‘ಮಳಿ’ಯಾಯಿತು, ಕೋೞಿ ‘ಕೋಳಿ’ಯಾಯಿತು, ಪೊೞ್ತು ‘ಹೊತ್ತು’ ಆಗಿ, ಹೋದ ಅಕ್ಷರದ ಗುರುತನ್ನು ಒತ್ತಕ್ಷರದಲ್ಲಿ ಮಾತ್ರ ಉಳಿಸಿಕೊಂಡಿತು.

ಸವದತ್ತಿ ರಟ್ಟರ ಸುಗಂಧವರ್ತಿ. ರಟ್ಟ ಶಾಂತಿವರ್ಮನು ಅಲ್ಲಿನ ಜಿನಾಲಯಕ್ಕೆ ದತ್ತಿ ಬಿಟ್ಟ ಶಾಸನ 980ರದು. ರಾಜಗುರು ಮುನಿಚಂದ್ರನನ್ನು ಹೊಗಳುವ ಶಾಸನ 1228ರದು. ಈ ಎರಡು ಕಲ್ಲುಗಳ ನಡುವಿನ ಎರಡೂವರೆ ಶತಮಾನದಲ್ಲಿಯೇ ಕನ್ನಡ ನಾಡಿನಲ್ಲೆಲ್ಲ ೞಕಾರವು ಸರಿದುಹೋಗಿ ಳಕಾರ, ರಕಾರಗಳು ಅದರ ಸ್ಥಾನಕ್ಕೆ ಬಂದವು. ಱಕಾರವೂ ಕಾಲಕ್ರಮದಲ್ಲಿ ರಕಾರದಲ್ಲಿ ಲೀನವಾಯಿತು. ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸಿದ್ದು ಇದೆಲ್ಲ ನಡೆಯುತ್ತಿದ್ದ ಕಾಲದ ಕೊನೆಯಲ್ಲಿ, ಸುಮಾರು 1260ರಲ್ಲಿ. ಅವನು ಸೂಕ್ತಿಸುಧಾರ್ಣವದ ಸಂಕಲನಕಾರ ಮಲ್ಲಿಕಾರ್ಜುನನ ಮಗ, ಯಶೋಧರಚರಿತೆಯ ಜನ್ನನ ಸೋದರಳಿಯ. ಕನ್ನಡಕ್ಕೆ ನಲವತ್ತೇಳು ಅಕ್ಷರಗಳೆಂದು ಎಣಿಸಿದ ಈ ವೈಯಾಕರಣ ೞಕಾರವಿರುವ ಪದಗಳನ್ನು ಹುಡುಕಿ ಒಂದೆಡೆ ಪೋಣಿಸಿಟ್ಟನು.

ವ್ಯಾಕರಣದಲ್ಲಿ ಪದಪಟ್ಟಿಗೇನು ಕೆಲಸವೆಂದು ಕೇಳುವವರಿದ್ದಾರೆ. ಉತ್ತರ ಛಂದಸ್ಸಿನಲ್ಲಿದೆ. ಹಳಗನ್ನಡ ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬುದು ಪ್ರಾಸದ ಕಟ್ಟಳೆ. ೞಕಾರವಾಗಲಿ ಱಕಾರವಾಗಲಿ ಅಚ್ಚಗನ್ನಡ ಪದದ ಮೊದಲಿಗೆ ಬರುವುದಿಲ್ಲ. ಎರಡಕ್ಷರದ ಪದದಲ್ಲಿ ಅವಕ್ಕೆ ಎರಡನೆಯ ಸ್ಥಾನವೇ ಗತಿ. ಹೀಗಾಗಿ ಕವಿಗೆ ಬೇಕಾದುದು ಇಂಥ ಅಳತೆಯ, ಇಂಥ ಅಕ್ಷರವಿರುವ ಪದಗಳು. ಕಿವಿ ನೆರವಿಗೆ ಬಾರದ ಕಾಲದಲ್ಲಿ ಪಟ್ಟಿಯಾದರೂ ಬರಲೆಂಬುದು ಕೇಶಿರಾಜನ ಉದ್ದೇಶ.

ಪ್ರಾಸದ ಅನುಕೂಲವನ್ನು ಬದಿಗಿಟ್ಟು ಅರ್ಥವನ್ನು ನೋಡಿದರೆ ಆ ಅಕ್ಷರಗಳ ತೂಕ ತಿಳಿಯುತ್ತದೆ. ಅಳಿ ದುಂಬಿ, ಅೞಿ ಎಂದರೆ ನಾಶವಾಗು. ಉಳಿ ಕಲ್ಲುಕುಟಿಗನ ಕೈಯ ಆಯುಧ. ಉೞಿ ಎಂದರೆ ಬಾಕಿಯಾಗು. ಅರಿ ಎಂದರೆ ಕತ್ತರಿಸು. ಅಱಿ ಎಂದರೆ ತಿಳಿ. ಎಲ್ಲಕ್ಕಿಂತ ಮನಮುಟ್ಟುವ ಜೋಡಿ ಬಾಳ್ ಮತ್ತು ಬಾೞ್. ಮೊದಲನೆಯದು ಕತ್ತಿ, ಎರಡನೆಯದು ಬದುಕು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಕವಿಗಳ ನುಡಿಯಲ್ಲಿ ಕೊಲ್ಲುವ ಆಯುಧಕ್ಕೂ ಜೀವಿಸುವುದಕ್ಕೂ ಇದ್ದ ಅಂತರ ನಾಲಗೆಯ ತುದಿ ಎಷ್ಟು ಮಡಿಚಬೇಕೆಂಬುದರಲ್ಲಿ ಇತ್ತು. ಆ ಅಂತರ ಅಳಿದ ಮೇಲೆ ಕತ್ತಿಯೆಂಬ ಅರ್ಥದ ಬಾಳು ಆಡುಮಾತಿನಿಂದ ತಾನಾಗಿ ಹಿಂದೆ ಸರಿಯಿತು. ನುಡಿಯು ಗೊಂದಲವನ್ನು ಹೀಗೆಯೇ ನಿವಾರಿಸಿಕೊಳ್ಳುತ್ತದೆ. ಕೂಗುವ ಕರೆಯೂ ಹಾಲಿನ ಕಱೆಯೂ ಒಂದಾದಾಗ ಈ ಭಾಗದ ರೈತ ಆಕಳನ್ನು ‘ಹಿಂಡ’ತೊಡಗಿದ, ಅವನಿಗೆ ವೈಯಾಕರಣನ ಅಪ್ಪಣೆ ಬೇಕಾಗಲಿಲ್ಲ.

ಕೇಶಿರಾಜನ ಕೊರತೆ ಇರುವುದೂ ಇಲ್ಲಿಯೇ. ಅವನಿಗೆ ಕವಿಪ್ರಯೋಗವೇ ಪ್ರಮಾಣ. ಶ್ರೀವಿಜಯ, ಅಸಗ, ಪಂಪ, ಪೊನ್ನರ ಮಾರ್ಗವೇ ಲಕ್ಷ್ಯ. ತನ್ನ ಸುತ್ತಲಿನ ಒಕ್ಕಲಿಗ, ಸೆಟ್ಟಿ, ಕಮ್ಮಾರರು ಆ ಪದಗಳನ್ನು ಹೇಗೆ ನುಡಿಯುತ್ತಿದ್ದರೆಂಬುದನ್ನು ಅವನು ಬರೆದಿಡಲಿಲ್ಲ. ಬರೆದಿದ್ದರೆ ಭಾಷಾಚರಿತ್ರೆಗೆ ಅದೆಷ್ಟು ಲಾಭವಾಗುತ್ತಿತ್ತು! ಹಾಗೆಂದು ಅವನ ಪಟ್ಟಿಯನ್ನು ಸತ್ತ ಅಕ್ಷರದ ಶವಸಂಸ್ಕಾರವೆಂದು ಹಗುರಾಗಿ ಕಾಣುವುದು ನ್ಯಾಯವಲ್ಲ.

ಜೈನ ಪರಂಪರೆಯಲ್ಲಿ ಜ್ಞಾನಾಚಾರಕ್ಕೆ ಎಂಟು ಅಂಗಗಳು. ಅವುಗಳಲ್ಲಿ ವ್ಯಂಜನಾಚಾರವೂ ಒಂದು. ಅಕ್ಷರ ಕೆಡದಂತೆ ಓದುವುದು ಅಲ್ಲಿ ಜಾಣತನವಲ್ಲ, ನಡತೆ. ವೀರಸೇನಾಚಾರ್ಯರ ಧವಳಾ ಟೀಕೆಯಲ್ಲಿ ಬರುವ ಕಥೆಯನ್ನು ಓದುಗರು ಬಲ್ಲರು. ಧರಸೇನಾಚಾರ್ಯರು ತಮ್ಮ ಬಳಿಗೆ ಬಂದ ಇಬ್ಬರು ಮುನಿಗಳಿಗೆ ಒಂದೊಂದು ವಿದ್ಯೆಯನ್ನು ಕೊಟ್ಟರು. ಒಂದರಲ್ಲಿ ಅಕ್ಷರ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಸಾಧನೆಯ ಕೊನೆಗೆ ಉಬ್ಬುಹಲ್ಲಿನ ದೇವತೆಯೊಬ್ಬಳು, ಒಕ್ಕಣ್ಣಿನ ದೇವತೆಯೊಬ್ಬಳು ಪ್ರತ್ಯಕ್ಷರಾದರು. ದೇವತೆಯರು ವಿಕಾರವಾಗಿರಲಾರರು, ಮಂತ್ರದಲ್ಲಿಯೇ ದೋಷವಿರಬೇಕೆಂದು ಮುನಿಗಳು ಊಹಿಸಿ, ಹೆಚ್ಚಿದುದನ್ನು ತೆಗೆದು, ಕೊರತೆಯಾದುದನ್ನು ಸೇರಿಸಿ ಮತ್ತೆ ಜಪಿಸಿದರು. ಈ ಇಬ್ಬರೇ ಮುಂದೆ ಷಟ್ಖಂಡಾಗಮವನ್ನು ರಚಿಸಿದ ಪುಷ್ಪದಂತ, ಭೂತಬಲಿಗಳು. ಗುರು ತಪ್ಪನ್ನು ತೋರಿಸಿಕೊಡಲಿಲ್ಲವೆಂಬುದೇ ಈ ಕಥೆಯ ಸೊಗಸು. ಕೇಶಿರಾಜನ ಪಟ್ಟಿಯನ್ನು ಈ ಹಿನ್ನೆಲೆಯಲ್ಲಿ ಓದಿದರೆ, ಪ್ರಾಸಕ್ಕೆ ಪದ ಹೊಂದಿಸುವ ಕೈಪಿಡಿಗಿಂತ ಮಿಗಿಲಾದುದೊಂದು ಅಲ್ಲಿ ಕಾಣುತ್ತದೆ.

ಆಕ್ಷೇಪಿಸಬೇಕಾದುದು ಅವನನ್ನಲ್ಲ, ಅವನು ಕಾಪಾಡಿಕೊಟ್ಟುದನ್ನು ಮುದ್ರಣದಲ್ಲಿ ಕೈಬಿಡುವವರನ್ನು. 1872ರಲ್ಲಿ ಮಂಗಳೂರಿನಲ್ಲಿ ಶಬ್ದಮಣಿದರ್ಪಣವನ್ನು ಪ್ರಕಟಿಸಿದ ಕಿಟ್ಟೆಲರು, 1894ರ ತಮ್ಮ ನಿಘಂಟಿನಲ್ಲಿ ಈ ಎರಡು ಅಕ್ಷರಗಳನ್ನು ಶ್ರಮವಹಿಸಿ ಬೇರೆಯಾಗಿ ತೋರಿಸಿದರು. ದೂರದೇಶದಿಂದ ಬಂದವರಿಗೆ ಇದ್ದ ಆ ಎಚ್ಚರ, ಹಳಗನ್ನಡ ಕಾವ್ಯವನ್ನು ವಿದ್ಯಾರ್ಥಿಗಳಿಗೆಂದು ಅಚ್ಚು ಹಾಕುವಾಗ ಎಲ್ಲವನ್ನೂ ಳಕಾರ, ರಕಾರಗಳಾಗಿಸಿ, ಹಾಗೆ ಮಾಡಿದೆವೆಂದು ಒಂದು ಮಾತೂ ಹೇಳದವರಿಗೆ ಇಲ್ಲ. ಓದುವ ಸೌಲಭ್ಯಕ್ಕೆಂದು ಬದಲಿಸುವುದು ತಪ್ಪಲ್ಲ. ಬದಲಿಸಿದುದನ್ನು ಮುಚ್ಚಿಡುವುದು ತಪ್ಪು. ಮೊಳೆಗಳು ಸಿಗುವುದಿಲ್ಲವೆಂಬ ಹಳೆಯ ನೆಪವೂ ಈಗ ನಿಲ್ಲುವಂತಿಲ್ಲ. ಗಣಕಯಂತ್ರದ ಅಕ್ಷರಸಂಕೇತಗಳಲ್ಲಿ ೞಕಾರಕ್ಕೂ ಱಕಾರಕ್ಕೂ ಸ್ಥಾನವಿದೆ.

ಎರಡಕ್ಷರದ ಇನ್ನೊಂದು ಪದವನ್ನು ಇಲ್ಲಿ ನೆನೆಯಬಹುದು. ಅರ ಎಂದರೆ ಕಬ್ಬಿಣವನ್ನು ತೇಯುವ ಸಾಧನ; ಅಱ ಎಂದರೆ ಧರ್ಮ, ದಾನ. ಬಿಡಿಯಾಗಿ ಅಱ ಕನ್ನಡದಿಂದ ಮರೆಯಾಗಿದೆ. ಆದರೆ ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಕೊಡುವ ಅಱವಟ್ಟಿಗೆಯ ಒಳಗೆ ಅದು ಇನ್ನೂ ಇದೆ. ಅರವಟ್ಟಿಗೆ ಎಂದು ಬರೆದು ಬಾಗಿಲಿಗೆ ತೂಗುಹಾಕುವವರಿಗೆ ಮಾತ್ರ ಅದು ಕಾಣುವುದಿಲ್ಲ.