ಒಂದೇ ಕೀಲಿಯ ಡಿಸ್ಕ್

ಗಂಗಾವತಿಯ ಅಕ್ಕಿ ಗಿರಣಿಯ ಲೆಕ್ಕವಾಗಲಿ, ಕುಷ್ಟಗಿಯ ವಕೀಲರ ಕಡತವಾಗಲಿ, ಕೊಪ್ಪಳದ ಸ್ಟುಡಿಯೊದ ಮದುವೆ ಫೋಟೊಗಳಾಗಲಿ, ಲ್ಯಾಪ್‌ಟಾಪ್ ಕಳುವಾದ ದಿನ ಪರರ ಪಾಲಾಗಬಾರದು. ಅದಕ್ಕೆಂದೇ ಲಿನಕ್ಸ್‌ನಲ್ಲಿ ಇಡೀ ಡಿಸ್ಕಿಗೆ ಬೀಗ ಹಾಕುವ ಲಕ್ಸ್ ವ್ಯವಸ್ಥೆಯಿದೆ. 2004ರಲ್ಲಿ ಕ್ಲೆಮೆನ್ಸ್ ಫ್ರುವಿರ್ತ್ ರೂಪಿಸಿದ್ದು. ಪಾಸ್‌ವರ್ಡ್ ಮರೆತರೆ ಮಾಲೀಕನನ್ನೂ ಒಳಗೆ ಬಿಡದು ಎಂಬುದು ಅದರ ಮೇಲಿನ ದೊಡ್ಡ ದೂರು. ಆ ನಿಷ್ಠುರತೆ ಸರಿಯಾದದ್ದೇ. ಕೆಟ್ಟಿರುವುದು ನಮ್ಮ ಬಳಕೆಯ ರೂಢಿ.

ನಾವು ಟೈಪ್ ಮಾಡುವ ಪಾಸ್‌ವರ್ಡ್ ಕಡತಗಳನ್ನು ನೇರವಾಗಿ ಮುಚ್ಚುವುದಿಲ್ಲ. ಮುಚ್ಚುವುದು ಯಂತ್ರವೇ ಹುಟ್ಟಿಸಿದ ಮೂಲ ಕೀಲಿ. ಪಾಸ್‌ವರ್ಡ್ ಕಾಯುವುದು ಡಿಸ್ಕಿನ ಆರಂಭದ ಹೆಡರ್ ಎಂಬ ಭಾಗದಲ್ಲಿರುವ ಆ ಕೀಲಿಯನ್ನು. ಹಳೆಯ ಲಕ್ಸ್‌ನಲ್ಲಿ 8, ಈಗಿನದರಲ್ಲಿ 32ರವರೆಗೆ ಸ್ಲಾಟ್‌ಗಳಿವೆ. ಒಂದೊಂದಕ್ಕೂ ಬೇರೆ ಪಾಸ್‌ವರ್ಡ್ ಕೊಡಬಹುದು, ಯಾವುದರಿಂದಲೂ ಡಿಸ್ಕ್ ತೆರೆಯುತ್ತದೆ. ಆದರೂ ಬಹುತೇಕರು ಇನ್‌ಸ್ಟಾಲ್ ಮಾಡುವಾಗ ಕೇಳಿದ ಒಂದನ್ನೇ ಕೊಟ್ಟು ಮರೆತುಬಿಡುತ್ತಾರೆ. ನಕಲು ಇಟ್ಟಿರದ ಹೆಡರ್ ಅಳಿಸಿಹೋದರಂತೂ ಸರಿಯಾದ ಪಾಸ್‌ವರ್ಡೂ ದಂಡ. ಬ್ಯಾಂಕ್ ಲಾಕರಿನ ಕೀಲಿ ಕಳೆದರೆ ಸಾಕ್ಷಿಗಳ ಮುಂದೆ ಬೀಗ ಒಡೆಸಬಹುದು. ಇಲ್ಲಿ ಒಡೆಯಲು ಬೀಗವೇ ಇಲ್ಲ. ಯಲಬುರ್ಗಾದಿಂದ ಹುಬ್ಬಳ್ಳಿಗೆ, ಬೆಂಗಳೂರಿಗೆ ಹೊತ್ತೊಯ್ದರೂ ರಿಕವರಿಯವರು ಕೆಟ್ಟ ಡಿಸ್ಕನ್ನು ಓದಿಕೊಟ್ಟಾರು, ಓದಿದ್ದರ ಅರ್ಥ ಬಿಡಿಸಲಾರರು. ಹಾಗೆಂದು ದಾರಿಗಳು ಇಲ್ಲವೇ ಇಲ್ಲವೆಂದಲ್ಲ. ಯಂತ್ರ ಇನ್ನೂ ತೆರೆದೇ ಇದ್ದರೆ ಆರಿಸದೆ ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲಿಸಬೇಕು. ನೆನಪಿರುವ ಪಾಸ್‌ವರ್ಡನ್ನೇ ಒಪ್ಪದಿದ್ದರೆ ಕೀಬೋರ್ಡ್ ವಿನ್ಯಾಸ ನೋಡಬೇಕು: ಬೂಟ್ ಆಗುವಾಗಿನದು ಡೆಸ್ಕ್‌ಟಾಪಿನದಕ್ಕಿಂತ ಬೇರೆ ಇರಬಹುದು. (ಕನ್ನಡ ಅಕ್ಷರದಲ್ಲಿ ಪಾಸ್‌ವರ್ಡ್ ಇಡುವ ಉತ್ಸಾಹಿಗಳು ಇಲ್ಲೇ ಸಿಕ್ಕಿಬೀಳುತ್ತಾರೆ.) ಅರೆಬರೆ ನೆನಪಿದ್ದರೆ ಒಂದೊಂದಾಗಿ ಊಹಿಸಿ ನೋಡಬಹುದು, ಆದರೆ ಪ್ರತಿ ಯತ್ನವೂ ನಿಧಾನವಾಗಲೆಂದೇ ಲಕ್ಸ್ ಕಟ್ಟಿದ್ದಾರೆ.

ಕಂಪನಿಯ ಬಳಿಯೇ ಒಂದು ಕೀಲಿ ಇರಬಾರದೇಕೆ ಎಂದು ಕೇಳುವವರಿದ್ದಾರೆ. ವಿಂಡೋಸ್‌ನ ಬಿಟ್‌ಲಾಕರ್ ರಿಕವರಿ ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿಯಬಲ್ಲದು. ಅನುಕೂಲವೇನೋ ಹೌದು, ಆದರೆ ಆಗ ಕಕ್ಷಿದಾರರ ಗುಟ್ಟು ಕಾಯುವ ವಕೀಲರು ಮೂರನೆಯವರನ್ನೂ ನಂಬಬೇಕಾಗುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು: ಹೆಡರ್ ಅಳಿಸಿಹೋದೀತೆಂದು ಇಟ್ಟುಕೊಳ್ಳುವ ನಕಲೇ ಅಪಾಯವಲ್ಲವೇ? ನಿಜ. ಪಾಸ್‌ವರ್ಡ್ ಬದಲಿಸಿದರೂ ಹಳೆಯ ನಕಲಿನೊಂದಿಗೆ ಹಳೆಯ ಪಾಸ್‌ವರ್ಡ್ ಕೆಲಸ ಮಾಡುತ್ತದೆ. ಆದ್ದರಿಂದ ಬದಲಿಸಿದಾಗಲೆಲ್ಲ ಹೊಸ ನಕಲು ತೆಗೆದು ಹಳೆಯದನ್ನು ನಾಶಮಾಡಬೇಕು. ನಕಲು ತೆಗೆಯಲು, ಇನ್ನೊಂದು ಪಾಸ್‌ವರ್ಡ್ ಸೇರಿಸಲು ಕಮಾಂಡ್ ಬರೆಯುವುದು ಎಲ್ಲರಿಗೂ ಆಗದು ಎಂಬುದಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಎರಡನೆಯ ಪಾಸ್‌ವರ್ಡ್ ಕೇಳದೆ ಮುಂದೆ ಸಾಗುವ ಇನ್‌ಸ್ಟಾಲರ್‌ಗಳ ಲೋಪವದು. ಅವು ಸುಧಾರಿಸುವವರೆಗೆ, ಡಿಸ್ಕ್ ತೆರೆಯುತ್ತಿರುವಾಗಲೇ ತಿಳಿದವರನ್ನು ಕೂರಿಸಿಕೊಂಡು ಇನ್ನೊಂದು ಸ್ಲಾಟ್ ತುಂಬಿಸಿ, ಸಾಮಾನ್ಯವಾಗಿ 16 ಎಂಬಿಯಷ್ಟಿರುವ ಆ ಹೆಡರನ್ನು ಪೆನ್‌ಡ್ರೈವಿಗೆ ಇಳಿಸಿ ಬೇರೆ ಕಡೆ ಇಡಿ.