ಕಂಪನಿ ಗಂಟಲು

ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ‘ಕುರುಕ್ಷೇತ್ರ’ ನಡೆಯುವ ರಾತ್ರಿ ಚಪ್ಪಾಳೆ ಎಲ್ಲಿ ಬೀಳುತ್ತದೆ ಎಂದು ಗಮನಿಸಬೇಕು. ಪಾತ್ರಧಾರಿ ತಾರಷಡ್ಜಕ್ಕೆ ಹತ್ತಿ, ಕತ್ತಿನ ನರ ಉಬ್ಬಿಸಿಕೊಂಡು, ಉಸಿರು ತೀರುವ ತನಕ ಅಲ್ಲೇ ನಿಂತರೆ ಸಭೆ ಎದ್ದು ಕೂಗುತ್ತದೆ. ಅದೇ ಕಂದಪದ್ಯವನ್ನು ಇನ್ನೊಬ್ಬ ತಗ್ಗಿದ ಶ್ರುತಿಯಲ್ಲಿ ಅರ್ಥ ಬಿಡಿಸಿ ಹಾಡಿದರೆ ‘ಗಂಟಲಿಲ್ಲ’ ಎಂಬ ಸರ್ಟಿಫಿಕೇಟು ಸಿಗುತ್ತದೆ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲೂ ಇದೇ ಲೆಕ್ಕ. ಇದು ಗುಬ್ಬಿ ಕಂಪನಿಯಿಂದ ಬಂದ ಆಸ್ತಿ ಎಂದು ನಮ್ಮ ಜಿಲ್ಲೆಯವರು ಹೆಮ್ಮೆಪಡುತ್ತಾರೆ. ಆಸ್ತಿಯೇನೋ ಹೌದು. ಆದರೆ ಕಂಪನಿಯ ದನಿಯನ್ನು ಇಟ್ಟುಕೊಂಡು, ಆ ದನಿಯನ್ನು ಸಾಕುತ್ತಿದ್ದ ದಿನಚರಿಯನ್ನು ನಾವು ಕೈಬಿಟ್ಟಿದ್ದೇವೆ ಎಂಬುದು ನನ್ನ ತಕರಾರು.

1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದಾಗ ರಂಗಕ್ಕೆ ಮೈಕು ಬಂದೇ ಇರಲಿಲ್ಲ. ಡೇರೆಯ ಕಟ್ಟಕಡೆಯ ಚಾಪೆಗೂ ಮಾತು ಮುಟ್ಟಬೇಕು, ಹಾರ್ಮೋನಿಯಂ, ತಬಲಗಳ ಮೇಲೆ ಹಾಡು ತೇಲಬೇಕು. ಏರುಶ್ರುತಿ ಬಂದದ್ದು ಈ ಅಗತ್ಯದಿಂದ. ಇದರಲ್ಲಿ ಬರೀ ಜೋರೇ ಇರಲಿಲ್ಲ. ಪಳಗಿದ ಗಾಯಕರ ದನಿಯಲ್ಲಿ ಸುಮಾರು 3,000 ಹರ್ಟ್ಜ್ ಆಸುಪಾಸಿನ ಕಂಪನಗಳು ಒತ್ತಾಗಿ ಸೇರಿ ಒಂದು ಕಂಚಿನ ಮೊಳಗು ಹುಟ್ಟುತ್ತದೆಂದು ಧ್ವನಿವಿಜ್ಞಾನಿಗಳು ತೋರಿಸಿದ್ದಾರೆ. ನಮ್ಮ ಕಿವಿಗೆ ಆ ಭಾಗ ಬಹಳ ಚುರುಕು. ಹೀಗಾಗಿ ಗಂಟಲಿಗೆ ಹೆಚ್ಚು ಬಲ ಹಾಕದೆಯೂ ದೂರ ಮುಟ್ಟಬಹುದು. ಕೂಗುವವನಿಗೂ ಹಾಡುವವನಿಗೂ ಇರುವ ಅಂತರ ಇಷ್ಟೇ, ಆದರೆ ಅದು ಕೈಗೂಡಲು ವರ್ಷಗಳು ಬೇಕು.

ಕಂಪನಿ ಆ ವರ್ಷಗಳನ್ನು ಕೊಡುತ್ತಿತ್ತು. ಬಾಲ್ಯದಲ್ಲೇ ಸೇರಿದ ಹುಡುಗರು ಮೊದಲು ನಾಂದಿಯಲ್ಲಿ ದನಿಗೂಡಿಸಿ, ಆಮೇಲೆ ಸಣ್ಣ ಪಾತ್ರ ಹಿಡಿದು, ಹಿರಿಯರ ಹಾಡನ್ನು ದಿನವೂ ಪರದೆಯ ಬದಿಯಿಂದ ಕೇಳುತ್ತ ಬೆಳೆಯುತ್ತಿದ್ದರು. ಮುತ್ತುರಾಜ ಎಂಬ ಹುಡುಗ, ಬಿ.ವಿ. ಕಾರಂತ ಎಂಬ ಹುಡುಗ ಹೀಗೆ ಬಂದವರೇ. ಇದನ್ನು ಗುರುಕುಲ ಎಂದು ಹೊಗಳಿ ಸುಮ್ಮನಾಗಲು ಮಾತ್ರ ನನಗೆ ಮನಸ್ಸಿಲ್ಲ. ಹರೆಯದಲ್ಲಿ ಹುಡುಗರ ಧ್ವನಿತಂತುಗಳು ಉದ್ದವಾಗಿ, ದಪ್ಪವಾಗಿ, ದನಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಇಳಿಯುತ್ತದೆ. ಗಂಟಲು ಒಡೆಯುವ ಆ ಕಾಲದಲ್ಲಿ ಹಗುರವಾಗಿ ಹಾಡಿಸಬೇಕು. ಮಾರನೆಯ ದಿನದ ಆಟ ನಿಲ್ಲದ ವೃತ್ತಿಯಲ್ಲಿ ಅಂಥ ರಜೆ ಎಲ್ಲಿಂದ ಬರಬೇಕು? ಸ್ತ್ರೀಪಾತ್ರದಲ್ಲಿ ಮೆರೆದ ಹುಡುಗನಿಗೆ ಗಂಟಲು ಒಡೆಯಿತೆಂದರೆ ಪಾತ್ರವೂ ಹೋಯಿತು. ಜೊತೆಗೆ ‘ಒನ್ಸ್ ಮೋರ್’ ಬೇರೆ. ಮೆಚ್ಚಿದ ಹಾಡನ್ನು ಮತ್ತೆ ಮತ್ತೆ ಹಾಡಿಸಿಕೊಳ್ಳುವ ಪ್ರೇಕ್ಷಕನ ಔದಾರ್ಯಕ್ಕೆ ದುಡ್ಡು ತೆತ್ತದ್ದು ನಟನ ಗಂಟಲು. ಉಳಿದವರ ಕಥೆಯನ್ನಷ್ಟೇ ನಾವು ಬಲ್ಲೆವು, ದನಿ ಹೋಗಿ ಊರು ಸೇರಿದವರ ಹೆಸರು ಯಾವ ಸ್ಮರಣ ಸಂಚಿಕೆಯಲ್ಲೂ ಸಿಗದು.

ಉಳಿದವರಿಂದ ಕಲಿಯಬೇಕಾದದ್ದನ್ನೂ ನಾವು ಕಲಿತಿಲ್ಲ. ಮುತ್ತುರಾಜ ರಾಜಕುಮಾರ್ ಆದ ಮೇಲೆ ಬಹುಕಾಲ ಪಿ.ಬಿ. ಶ್ರೀನಿವಾಸ್ ಅವರ ಕಂಠವನ್ನು ಆಶ್ರಯಿಸಿದ್ದರು. 1974ರ ‘ಸಂಪತ್ತಿಗೆ ಸವಾಲ್’ ನಂತರ ತಾವೇ ಹಾಡತೊಡಗಿದರು. ಅರವತ್ತು ದಾಟಿದ ಮೇಲೆ, 1992ರ ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದರು. ಡೇರೆಯ ದನಿಯನ್ನು ಮೈಕಿನ ಮುಂದೆ ಪಳಗಿಸಿ, ಒತ್ತನ್ನು ಇಳಿಸಿ, ಉಚ್ಚಾರವನ್ನು ಉಳಿಸಿಕೊಂಡ ರೀತಿ ಅವರದು. ಕಂಪನಿಯನ್ನು ನಡೆಸಿದ ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಇನ್ನೊಂದು ದಾರಿ ಹಿಡಿದರು: ಎದೆಯಿಂದ ಬರುವ ತುಂಬುದನಿಯನ್ನು ತೆಳುವಾಗಿಸದೆ, ತಮ್ಮ ಸಹಜ ಶ್ರುತಿಯಲ್ಲೇ ಹಾಡಿದರು. ಹೆಣ್ಣುದನಿ ಎಂದರೆ ಕೀರಲಾಗಿರಬೇಕೆಂಬ ಸಿನಿಮಾ ಹಟಕ್ಕೆ ಅದು ತಕ್ಕ ಉತ್ತರ. ಇಬ್ಬರೂ ತಮ್ಮ ಗಂಟಲಿನ ಅಳತೆ ಬಲ್ಲವರು.

ಕಂಪನಿಗೂ ಹಳೆಯದಾದ ಮೂಡಲಪಾಯ ಬಯಲಾಟ ಈ ಸೀಮೆಯಲ್ಲೇ ಇದೆ. ಬಯಲಿನಲ್ಲಿ ಬೆಳಗಿನ ತನಕ ಆಟ, ಎದುರಿಗೆ ಮುಖವೀಣೆಯ ಚೂಪು ನಾದ. ಆದರೂ ಹೊರೆ ಒಬ್ಬನ ಮೇಲಿಲ್ಲ. ಭಾಗವತರು ಎತ್ತಿದ ಪದವನ್ನು ಹಿಮ್ಮೇಳದವರು ಹಿಡಿದುಕೊಳ್ಳುತ್ತಾರೆ, ಅಷ್ಟರಲ್ಲಿ ಭಾಗವತರಿಗೆ ಉಸಿರು ತಿರುಗುತ್ತದೆ, ವೇಷಧಾರಿ ಕುಣಿಯುತ್ತಾನೆ. ಸೊಲ್ಲು ಹೇಳುವವರು, ಅದನ್ನು ಎತ್ತಿಕೊಳ್ಳುವವರು ಎಂಬ ಈ ಏರ್ಪಾಟು ಕುಣಿಗಲ್ ಕೆರೆಯ ಹಾಡಿನಂಥ ಜನಪದ ಗೀತೆ, ಸೋಬಾನೆಗಳಲ್ಲೂ ಇದೆ. ಗಂಟಲಿನ ಆರೋಗ್ಯದ ದೃಷ್ಟಿಯಿಂದ ಕಂಪನಿ ಪದ್ಧತಿಗಿಂತ ಇದೇ ಮೇಲು. ಕಂಪನಿ ತಂದದ್ದು ಒಬ್ಬಂಟಿ ನಾಯಕನ ದನಿಯನ್ನು. ಇದೇ ಗರಡಿಯಿಂದ ಹೊರಟ ಕಾರಂತರು ಆಮೇಲೆ ತಮ್ಮ ನಾಟಕಗಳಲ್ಲಿ ಮೇಳದ ಹಾಡಿಗೆ ಮರಳಿದರು ಎಂಬುದು ಯೋಚಿಸತಕ್ಕದ್ದು.

ಈಗಿನ ‘ಕುರುಕ್ಷೇತ್ರ’ದ ದುರ್ಯೋಧನ ಹಗಲಿಡೀ ತೋಟದಲ್ಲಿದ್ದವನು, ಇಲ್ಲವೇ ಆಫೀಸಿನಲ್ಲಿದ್ದವನು. ಪಾತ್ರಕ್ಕೆ ತಾನೇ ಹಣ ಕಟ್ಟಿರುತ್ತಾನೆ. ಹಾರ್ಮೋನಿಯಂ ಮಾಸ್ಟರು ಕೆಲವು ತಿಂಗಳಲ್ಲಿ ಮಟ್ಟು ಬಾಯಿಪಾಠ ಮಾಡಿಸುತ್ತಾರೆ, ಉಸಿರಿನ ಪಾಠ ಅಲ್ಲಿಲ್ಲ. ತಲೆಯ ಮೇಲೆ ಹಗ್ಗದಲ್ಲಿ ಮೈಕು ತೂಗುತ್ತಿದ್ದರೂ ಶ್ರುತಿ ಮಾತ್ರ ಡೇರೆಯ ಕಾಲದ್ದೇ. ಏರುಶ್ರುತಿಯ ಕಾರಣ ಹೋಯಿತು, ಪ್ರತಿಷ್ಠೆ ಉಳಿಯಿತು. ಮಾರನೆಯ ದಿನ ಗಂಟಲು ಕಟ್ಟಿದರೆ ಜೇಷ್ಠಮಧು, ಕಲ್ಲುಸಕ್ಕರೆ, ಮೆಣಸಿನ ಕಷಾಯ. ಬಾಯಿಗೆ ಹಿತವೇ. ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳಿರುವುದು ಉಸಿರಿನ ದಾರಿಯಲ್ಲಿ. ಅವುಗಳಿಗೆ ಬೇಕಾದದ್ದು ದಿನವಿಡೀ ಸಾಕಷ್ಟು ನೀರು, ನಿದ್ದೆ, ಹಾಡುವ ಮುನ್ನ ಮಂದ್ರದಲ್ಲಿ ಒಂದಿಷ್ಟು ಹೊತ್ತಿನ ಹದ. ದನಿ ಒಡಕಾಗಿ ಎರಡು ಮೂರು ವಾರ ಸರಿಹೋಗದಿದ್ದರೆ ಗಂಟಲ ವೈದ್ಯರು ಒಳಗೆ ನೋಡಲೇಬೇಕು. ಒತ್ತಿ ಹಾಡಿ ತಂತುಗಳ ಮೇಲೆ ಎದ್ದ ಗಂಟುಗಳು ಬೇಗ ಗೊತ್ತಾದರೆ ವಿಶ್ರಾಂತಿ, ಅಭ್ಯಾಸಗಳಿಂದಲೇ ಇಳಿಯುವುದುಂಟು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಚಿಕಿತ್ಸೆಯಿದೆ. ಮಾಸ್ಟರು ಒಂದು ಮನೆ ಶ್ರುತಿ ಇಳಿಸಿದರೂ ಅರ್ಧ ತೊಂದರೆ ತಪ್ಪೀತು.

ಊರಿನ ಹವ್ಯಾಸಿಗಾದರೆ ವರ್ಷಕ್ಕೊಂದು ನಾಟಕ, ಗಂಟಲು ಹೇಗೋ ಸುಧಾರಿಸಿಕೊಳ್ಳುತ್ತದೆ. ದ್ರೌಪದಿ, ರುಕ್ಮಿಣಿ, ಉತ್ತರೆಯರಾಗಿ ಬರುವ ವೃತ್ತಿ ಕಲಾವಿದೆಯರ ಪಾಡು ಬೇರೆ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಇವತ್ತು ಗುಬ್ಬಿ ಕಡೆ, ನಾಳೆ ಕುಣಿಗಲ್ ಕಡೆ. ಗಂಡಸರಿಗೆಂದು ಹಿಡಿದ ಶ್ರುತಿಯಲ್ಲೇ ತಾವೂ ಹಾಡಿ, ರಾತ್ರಿಯಿಡೀ ಎಚ್ಚರವಿದ್ದು, ಬೆಳಗಿನ ಬಸ್ಸಿನಲ್ಲಿ ನಿದ್ದೆ ಮಾಡಬೇಕು. ಗುಬ್ಬಿ ಕಂಪನಿಯ ನಿಜವಾದ ವಾರಸುದಾರರು ಇವರೇ. ಸಂಭಾವನೆ ಆಟಕ್ಕಿಷ್ಟು ಎಂದಿರುವಾಗ, ಎರಡು ವಾರ ಮೌನವಾಗಿರಿ ಎಂದು ವೈದ್ಯರು ಬರೆದುಕೊಟ್ಟ ಚೀಟಿಯ ಖರ್ಚನ್ನು ಭರಿಸುವವರು ಯಾರು ಎಂಬ ಪ್ರಶ್ನೆ ನಾಟಕದ ಕರಪತ್ರದಲ್ಲಿ ಹೆಸರು ಹಾಕಿಸಿಕೊಳ್ಳುವ ಯಾವ ಪೋಷಕರಿಗೂ ಇನ್ನೂ ಹೊಳೆದಿಲ್ಲ.